ಒಗೆಯದ ಜೆರ್ಸಿಗಳು

ಹೋದ ತಿಂಗಳು ಪವನ ನನ್ನ ಕ್ಲಿನಿಕ್ಕಿಗೆ ಬಂದಿದ್ದ. ನನ್ನ ದೊಡ್ಡಪ್ಪನ ಮೊಮ್ಮಗ. ಫುಟ್‌ಬಾಲ್ ಆಡಿ ಆಡಿ ಮಂಡಿ ಕೆಡಿಸಿಕೊಂಡು, ಈಗ ಆಡಿಸುವ ಕೆಲಸ ಹುಡುಕುತ್ತಿದ್ದಾನೆ. ಬಿಳೇಕಹಳ್ಳಿ ದಾಟಿದ ಮೇಲೆ ಹೊಸದಾಗಿ ಎದ್ದಿರುವ ಒಂದು ಕಾಲೇಜಿನವರು ಅವನನ್ನು ಕೋಚ್ ಆಗಿ ಕರೆದಿದ್ದಾರಂತೆ. ರೋಗಿಗಳು ಕೂರುವ ಬೆಂಚಿನ ಮೇಲೆ ಕೂತು, ಮೊಬೈಲ್ ತೆಗೆದು, ಆ ಕೆಲಸದಲ್ಲಿರುವ ಅನುಕೂಲಗಳನ್ನೆಲ್ಲ ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದ. ಪ್ಲಾಸ್ಟಿಕ್ ಹುಲ್ಲಿನ ಮೈದಾನ, ಸಂಜೆಗೆ ದೊಡ್ಡ ದೀಪಗಳು, ಕೋಣನಕುಂಟೆಯಲ್ಲಿ ಇರಲು ಫ್ಲ್ಯಾಟು, ಟೂರ್ನಮೆಂಟಿಗೆ ಹೋಗಲು ಏಸಿ ಬಸ್ಸು. ಇನ್ನೂ ಒಂದಿತ್ತು, ಅದನ್ನು ಓದುವಾಗ ದನಿ ತಗ್ಗಿಸಿದ.

"ಅತ್ತೆ, ಇದೇ ಬೆಸ್ಟು. ಸ್ಪೋರ್ಟ್ಸ್ ಕೋಟಾದಲ್ಲಿ ನಾಲ್ಕು ಸೀಟು ಕೋಚ್ ಹೇಳಿದವ್ರಿಗೇ ಅಂತೆ. ನೀವು ಇದ್ರಲ್ಲೇ ಬೆಳೆದವ್ರಲ್ವಾ. ಹೇಳಿ, ಒಳ್ಳೆ ಕೆಲಸ ತಾನೇ?"

ನಾನು ಹಲ್ಲಿನ ಡಾಕ್ಟರು. ಇಪ್ಪತ್ತೈದು ವರ್ಷದಿಂದ ಜಯನಗರದವರ ಬಾಯಿಗಳಲ್ಲಿ ಇಣುಕುತ್ತಾ ಕೂತಿದ್ದೇನೆ. ಕೀವು, ಕೊಳೆತ ದವಡೆ, ಗುಟ್ಕಾದ ಕರೆ, ಇವು ಯಾವುದಕ್ಕೂ ನನಗೆ ಹೇಸಿಗೆಯಿಲ್ಲ. ಮೂಗು ಮುಚ್ಚಿಕೊಳ್ಳುವ ಹೊಸ ಹುಡುಗಿಯರನ್ನು ನಾನೇ ಗದರಿಸುತ್ತೇನೆ. ಆದರೆ ಪವನ ಮೇಜಿನ ಮೇಲಿಟ್ಟ ಹಾಲಿನ ಪೇಡದ ಡಬ್ಬಿಯ ಮುಚ್ಚಳ ತೆಗೆದಾಗ ಬಂದ ವಾಸನೆಗೆ ನಾನೇ ಮೂಗು ಮುಚ್ಚಿಕೊಂಡೆ. ತುಪ್ಪ, ಏಲಕ್ಕಿ, ಹೊಸ ರಟ್ಟು, ಮೂರೂ ಸೇರಿದ ವಾಸನೆ. ಡಬ್ಬಿಯನ್ನು ಆಚೆ ಕಳಿಸಿಬಿಟ್ಟೆ. ಅವನಿಗೆ ಉತ್ತರ ಕೊಡಬೇಕೆಂದರೆ ನಮ್ಮ ಹೊಸಕೆರೆಹಳ್ಳಿಯ ಮನೆಯಿಂದ ಶುರು ಮಾಡಬೇಕಿತ್ತು.

ಅದು ಚನ್ನಪ್ಪನವರ ದೊಡ್ಡ ಮನೆಯ ಹಿಂದಿದ್ದ ಶೀಟಿನ ಮನೆ. ಒಂದು ಹಾಲು, ಒಂದು ರೂಮು, ಅಡುಗೆಮನೆ. ಅಡುಗೆಮನೆಗೆ ಒಂದೇ ಕಿಟಕಿ, ಅದರಾಚೆ ಹಿತ್ತಲು, ಹಿತ್ತಲಲ್ಲಿ ಒಗೆಯುವ ಕಲ್ಲು. ಆಗಿನ್ನೂ ಕೆರೆಯ ಕಡೆಗೆ ಚನ್ನಪ್ಪನವರ ಹೊಲವಿತ್ತು, ಅವರೆ ಬಿಡುತ್ತಿತ್ತು. ಅಪ್ಪ ಒಂದು ಕಾರ್ಖಾನೆಯ ಟೀಮಿನಲ್ಲಿ ಆಡುತ್ತಿದ್ದವನು. ಕಾಲು ಕೆಟ್ಟ ಮೇಲೆ ಬನಶಂಕರಿ ಕಡೆಯ ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್ ಆದ. ಆ ಕೆಲಸವನ್ನು ಯಾರೂ ಕೆಲಸವೆಂದು ಒಪ್ಪುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವನಿಗೆ ಕುರ್ಚಿ ಇರಲಿಲ್ಲ. ಚೆಂಡುಗಳಿದ್ದ ಉಗ್ರಾಣದಲ್ಲಿ, ಸುಣ್ಣದ ಮೂಟೆಯ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದ. ಬ್ಯಾಂಕಿನಲ್ಲಿ ಕ್ಲರ್ಕಾಗಿದ್ದ ದೊಡ್ಡಪ್ಪ ಹಬ್ಬಕ್ಕೆ ಬಂದಾಗಲೆಲ್ಲ, ಎಲೆಯ ಮುಂದೆ ಕೂತೇ, ಚೆಂಡು ಒದ್ದು ಸಂಸಾರ ಸಾಕುವವನನ್ನು ನಮ್ಮ ವಂಶದಲ್ಲೇ ನೋಡಿರಲಿಲ್ಲ ಅನ್ನುತ್ತಿದ್ದ. ಅಪ್ಪ ನಕ್ಕುಬಿಡುತ್ತಿದ್ದ. ಆ ಅಪ್ಪ ನನಗೆ ಬಹಳ ಇಷ್ಟವಾಗಿದ್ದ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಬಾಯಿ ಬರುವುದಿಲ್ಲ.

ಟೀಮಿನ ಜೆರ್ಸಿಗಳು ಒಗೆತಕ್ಕೆ ನಮ್ಮ ಮನೆಗೇ ಬರುತ್ತಿದ್ದವು. ಕಾಲೇಜಿನ ದೋಬಿ ಕಾಲರ್ ಹರಿಯುತ್ತಾನೆಂದು ಅಮ್ಮನೇ ತಂದುಹಾಕಿ ಅಂದಿದ್ದಳು. ಮ್ಯಾಚ್ ಮುಗಿದ ಸಂಜೆ ಅಪ್ಪ ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿಚೀಲ ಕಟ್ಟಿಕೊಂಡು ಬರುತ್ತಿದ್ದ. ಚೀಲ ಬಿಚ್ಚಿದರೆ ಹದಿನಾರು ಕೆಂಪು ಜೆರ್ಸಿ, ಕೆಸರು, ಬೆವರು, ಒಮ್ಮೊಮ್ಮೆ ರಕ್ತ. ಆ ನಾತಕ್ಕೆ ಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಮನೆಯ ವಾಸನೆ. ಅಮ್ಮ ಒಂದೊಂದನ್ನೇ ಎತ್ತಿ, ಬೆನ್ನು ಕಂಕುಳು ನೋಡಿ, ಕಲ್ಲಿನ ಬಳಿಯಿಂದಲೇ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಅಪ್ಪನಿಗೆ ಮ್ಯಾಚಿನ ವರದಿ ಕೊಡುತ್ತಿದ್ದಳು. ಹತ್ತನೇ ನಂಬರಿನವನು ಇವತ್ತು ಮೈಗಳ್ಳತನ ಮಾಡಿದ್ದಾನೆ, ನಾಲ್ಕನೆಯವನನ್ನು ಯಾರೋ ಹಿಂದಿನಿಂದ ಕೆಡವಿದ್ದಾರೆ. ಒಂದು ಮ್ಯಾಚೂ ನೋಡದವಳು ಹೇಳಿದ್ದು ಒಂದೂ ಸುಳ್ಳಾಗುತ್ತಿರಲಿಲ್ಲ. ಅಪ್ಪ ಅದನ್ನು ಕೇಳಿಯೇ ಮುಂದಿನ ಮ್ಯಾಚಿಗೆ ಯಾರನ್ನು ಆಡಿಸಬೇಕೆಂದು ಯೋಚಿಸುತ್ತಿದ್ದ ಅಂತ ನನಗೆ ಗುಮಾನಿ.

ಹದಿನಾರು ಜನರ ಪಟ್ಟಿಯಲ್ಲಿ ಆಡುವವರು ಹನ್ನೊಂದು. ಉಳಿದವರು ಬೆಂಚಿನ ಮೇಲೆ. ಆದರೆ ರಾಜ್ಯಮಟ್ಟದ ಪಂದ್ಯಾವಳಿಗೆ ಹೋಗಿಬಂದರೆ ಹದಿನಾರೂ ಮಂದಿಗೆ ಒಂದೇ ಥರದ ಸರ್ಟಿಫಿಕೇಟು. ಆಡಿದವನು, ಕೂತವನು ಎಂಬ ಭೇದ ಅದರಲ್ಲಿ ಇರಲಿಲ್ಲ. ಆ ಸರ್ಟಿಫಿಕೇಟು ಇದ್ದರೆ, ಮಾರ್ಕ್ಸು ಕಮ್ಮಿ ಬಂದರೂ, ಕ್ರೀಡಾ ಕೋಟಾದಲ್ಲಿ ಇಂಜಿನಿಯರಿಂಗೋ ಮೆಡಿಕಲ್ಲೋ ಸೀಟು ಸಿಗುತ್ತಿತ್ತು. ಈ ವಿಷಯ ಅಪ್ಪನಿಗಿಂತ ಮೊದಲು ಹೊಳೆದದ್ದು ಮನೆ ಓನರ್ ಚನ್ನಪ್ಪನವರಿಗೆ.

ಅವರೆಯ ಕಾಲ. ನನಗೆ ಹತ್ತೋ ಹನ್ನೊಂದೋ. ಚನ್ನಪ್ಪನವರು ಒಂದು ಮೂಟೆ ಸೊಗಡಿನ ಅವರೆಕಾಯಿ ಹೊರಿಸಿಕೊಂಡು ಬಂದು ಹಾಲಿನಲ್ಲಿ ಇಳಿಸಿದರು. ಅವರ ಮಗ ಮಂಜು ಅಪ್ಪನ ಕಾಲೇಜಿನಲ್ಲೇ ಓದುತ್ತಿದ್ದ. ಮನೆಯಿಂದ ಕೆರೆ ಏರಿಯವರೆಗೆ ನಡೆದರೆ ಏದುಸಿರು ಬಿಡುತ್ತಿದ್ದ ಆಸಾಮಿ. ಚನ್ನಪ್ಪನವರು ಸುತ್ತಿ ಬಳಸಿ ಮಾತಾಡುವವರಲ್ಲ.

"ಮೇಷ್ಟ್ರೇ, ಅವನು ಆಡೋದು ಬ್ಯಾಡ. ಹೆಸರೊಂದು ಸೇರಿಸ್ಬಿಡಿ ಸಾಕು. ಮನೆ ನಿಮ್ದೇ ಅಂದ್ಕೊಂಡು ಇರಿ, ಬಾಡಿಗೆ ಮಾತು ನಾನು ಎತ್ತಲ್ಲ."

ಅಂದು ಮನೆಮಂದಿಯೆಲ್ಲ ಕೂತು ಕಾಳು ಹಿತುಕಿದೆವು. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ಅಮ್ಮ ಮಾಡಿದ ಹಿತಕಿದ ಬೇಳೆ ಸಾರಿನಂಥ ಸಾರನ್ನು ನಾನು ಆಮೇಲೆ ಎಲ್ಲೂ ಉಂಡಿಲ್ಲ. ಮೂರು ಸಲ ಹಾಕಿಸಿಕೊಂಡೆ. ಇವತ್ತಿಗೂ ಚಳಿಗಾಲದಲ್ಲಿ ಬನಶಂಕರಿ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಸೊಗಡು ಮೂಗಿಗೆ ಬಡಿದಾಗ ಬಾಯಲ್ಲಿ ನೀರೂರುತ್ತದೆ, ಅದರ ಹಿಂದೆಯೇ ವಾಕರಿಕೆ ಬರುತ್ತದೆ. ಒಂದೇ ವಾಸನೆಗೆ ಎರಡೂ ಆಗುವುದು ಹೇಗೆಂದು ಡಾಕ್ಟರಾಗಿ ನನಗೆ ಗೊತ್ತಿಲ್ಲ.

ಪಂದ್ಯಾವಳಿ ಮುಗಿಸಿ ಅಪ್ಪ ಚೀಲ ತಂದ. ಅಮ್ಮ ಒಂದೊಂದಾಗಿ ಎತ್ತುತ್ತಾ ಹದಿನಾರನೇ ನಂಬರಿಗೆ ಬಂದಳು. ಇಸ್ತ್ರಿಯ ಗೆರೆ ಕೂಡ ಕೆಟ್ಟಿರಲಿಲ್ಲ. ಮೂಗಿನ ಹತ್ತಿರ ಹಿಡಿದಳು.

"ರೀ, ಇದ್ಯಾರ್ದು? ಪೌಡರ್ ವಾಸನೆ ಬರ್ತಿದೆ."

"ಮಂಜುಂದು ಕಣೇ. ಕರಿಬೇವು ಅದು. ಒಗ್ಗರಣೆಗೆ ಬೇಕು, ಉಣ್ಣೋವಾಗ ಎತ್ತಿ ಪಕ್ಕಕ್ಕಿಡ್ತೀವಲ್ಲ, ಹಂಗೆ."

ಅಪ್ಪ ತನ್ನ ಮಾತಿಗೆ ತಾನೇ ನಕ್ಕ. ನಾನೂ ನಕ್ಕೆ. ಅಮ್ಮ ನಗಲಿಲ್ಲ. ಜೆರ್ಸಿಯನ್ನು ನೀಟಾಗಿ ಮಡಿಸಿ ಅಡುಗೆಮನೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬೆವರೇ ಇಲ್ಲದ ಬಟ್ಟೆ ಒಗೆಯುವಷ್ಟು ಪುರುಸೊತ್ತು ತನಗಿಲ್ಲ ಅಂದಳು. ಅವತ್ತಿನಿಂದ ಅದೇ ಪದ್ಧತಿಯಾಯಿತು. ಆಡಿದವರದು ಕಲ್ಲಿಗೆ, ಕರಿಬೇವಿನದು ಕಿಟಕಿಗೆ. ಒಗೆದ ಜೆರ್ಸಿಗಳ ಜೊತೆ ಒಗೆಯದವೂ ಹಾಗೇ ಕಾಲೇಜಿಗೆ ವಾಪಸು ಹೋಗುತ್ತಿದ್ದವು.

ಮಂಜುವಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು ಊರೆಲ್ಲ ಗೊತ್ತಾಗಲು ವಾರ ಸಾಕಾಯಿತು. ಆಮೇಲೆ ನಮ್ಮ ಮನೆ ಬಾಗಿಲಿಗೆ ಬಂದವರನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಸ್ವೀಟ್ ಬಾಕ್ಸು, ಅನಾನಸು, ಸೇಬಿನ ಬುಟ್ಟಿ, ಅಮ್ಮನಿಗೆ ಸೀರೆ, ನನಗೆ ಜಾಮಿಟ್ರಿ ಬಾಕ್ಸು. ಬಂದವರೆಲ್ಲ ಮೊದಲು ನನ್ನ ಕೆನ್ನೆ ಹಿಂಡಿ, ಎಷ್ಟು ಚೂಟಿ ಮಗು ಅನ್ನುತ್ತಿದ್ದರು. ಹಾಲಿನ ಮೂಲೆಯಲ್ಲಿ ಡಬ್ಬಿಗಳು ಒಂದರ ಮೇಲೊಂದು ಕೂತವು. ತಿಂದು ಮುಗಿಯುತ್ತಿರಲಿಲ್ಲ. ಪೇಡದ ಮೇಲೆ ಬೂಷ್ಟು, ಜಿಲೇಬಿಯಲ್ಲಿ ಇರುವೆ, ಮಂಚದ ಕೆಳಗೆ ಕೊಳೆತ ಅನಾನಸಿನ ರಸ. ಬೆವರಿನ ಚೀಲದ ವಾಸನೆಯಿದ್ದ ಮನೆಗೆ ಮದುವೆಮನೆಯ ಉಗ್ರಾಣದ ವಾಸನೆ ಬಂತು, ಮದುವೆ ಮುಗಿದು ನಾಲ್ಕು ದಿನವಾದ ಮೇಲಿನ ವಾಸನೆ. ಅಮ್ಮ ಡಬ್ಬಿಗಳನ್ನು ಬೀದಿಯ ಹಸುಗಳಿಗೆ ಸುರಿಯುತ್ತಿದ್ದಳು. ಹಸುಗಳೂ ಕೊನೆಕೊನೆಗೆ ಮೂಸಿ ಮುಂದೆ ಹೋಗುತ್ತಿದ್ದವು.

ದೊಡ್ಡಪ್ಪನ ಮಾತು ಈಗ ಬೇರೆಯಾಯಿತು. ತನ್ನ ಮ್ಯಾನೇಜರನ ಮಗನ ವಿಷಯ ಮಾತಾಡಲು ಬಂದಿದ್ದ. ಅದೇ ಎಲೆಯ ಮುಂದೆ ಕೂತು, ಹೋಳಿಗೆ ಮುರಿಯುತ್ತಾ, ಅಪ್ಪನ ಕೆಲಸದ ಹೆಚ್ಚುಗಾರಿಕೆಯನ್ನು ಒಂದೊಂದಾಗಿ ವರ್ಣಿಸಿದ. ಬ್ಯಾಂಕಿನಲ್ಲಿ ಬೆಳಗಿನಿಂದ ಸಂಜೆತನಕ ತಲೆ ತಗ್ಗಿಸಿ ದುಡಿದರೂ ಒಬ್ಬ ನಮಸ್ಕಾರ ಹೇಳುವುದಿಲ್ಲ. ಇವನಿಗೆ ಡಾಕ್ಟರು, ಲಾಯರು, ಕಂಟ್ರಾಕ್ಟರು ಎಲ್ಲ ಮನೆ ಬಾಗಿಲಿಗೇ ಬರುತ್ತಾರೆ. ಪೇಪರ್ ತಿದ್ದಬೇಕಾಗಿಲ್ಲ, ಫೈಲು ನೋಡಬೇಕಾಗಿಲ್ಲ. ಸೋತರೆ ಹುಡುಗರು ಸೋತರು, ಗೆದ್ದರೆ ಇವನು ಗೆದ್ದ. ಕಲೆಕ್ಟರ್ ಕೈಯಲ್ಲೂ ಇಲ್ಲದ್ದು ಇವನ ಪೆನ್ನಿನ ತುದಿಯಲ್ಲಿದೆ ಅಂದ. ಅಪ್ಪ ಈ ಸಲವೂ ನಕ್ಕ. ಹಿಂದಿನ ನಗುವಲ್ಲ.

ಅಪ್ಪ ಬದಲಾದದ್ದನ್ನು ನಾನು ಅವನ ಕಾಲಲ್ಲಿ ನೋಡಿದೆ. ಮೊದಲು ಸಂಜೆ ಮನೆಗೆ ಬಂದಾಗ ಮಂಡಿತನಕ ಕೆಮ್ಮಣ್ಣಿರುತ್ತಿತ್ತು, ಅಮ್ಮ ಚೊಂಬಿನಲ್ಲಿ ನೀರು ಕೊಟ್ಟು ಅದನ್ನು ತೊಳೆಸಿಯೇ ಒಳಗೆ ಬಿಡುತ್ತಿದ್ದಳು. ಈಗ ಬಿಳಿ ಕ್ಯಾನ್ವಾಸ್ ಶೂ ಬಂತು, ಅದು ಬಿಳಿಯಾಗಿಯೇ ಇರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಕುರ್ಚಿ ಬಂತು, ಆಮೇಲೆ ಫ್ಯಾನಿರುವ ಪ್ರತ್ಯೇಕ ರೂಮೇ ಬಂತು. ಪ್ರಾಕ್ಟೀಸ್ ಮಾಡಿಸುವುದನ್ನು ಸೀನಿಯರ್ ಹುಡುಗರಿಗೆ ಬಿಟ್ಟ. ಕಿಟಕಿ ಕಟ್ಟೆಯ ಮೇಲೆ ಒಂದಿದ್ದದ್ದು ಎರಡಾಯಿತು, ನಾಲ್ಕಾಯಿತು. ಅಮ್ಮನ ಒಗೆತ ಹಗುರಾಗುತ್ತಾ ಹೋಯಿತು. ಟೀಮು ಮೊದಲ ಸುತ್ತಿನಲ್ಲೇ ಸೋತು ಬರತೊಡಗಿತು, ಕಾಲೇಜಿನಲ್ಲಿ ಅದನ್ನು ಕೇಳುವವರು ಒಬ್ಬರೂ ಇರಲಿಲ್ಲ. ಕೇಳಬೇಕಾದವರ ಮಕ್ಕಳೇ ಬೆಂಚಿನ ಮೇಲಿದ್ದರು. ಒಂದು ಸಂಜೆ ಬನಶಂಕರಿ ಎರಡನೇ ಹಂತದಿಂದ ಬಂದಿದ್ದ ಒಬ್ಬ ಗುಮಾಸ್ತರು, ಮಗ ನಿಜವಾಗಿಯೂ ಚೆನ್ನಾಗಿ ಆಡುತ್ತಾನೆ, ಎರಡು ವರ್ಷ ಆಡಿಸಿ ಕೊನೆಗೆ ಪಟ್ಟಿಯಿಂದ ತೆಗೆದಿರಲ್ಲ ಅಂತ ನಮ್ಮ ಹಾಲಿನಲ್ಲಿ ಕೂತು ಅತ್ತರು. ಅವರು ಅಳುತ್ತಿದ್ದಷ್ಟು ಹೊತ್ತೂ ಅಪ್ಪ ಬೆಂಕಿಕಡ್ಡಿಯಲ್ಲಿ ಕಿವಿ ಕೆರೆದುಕೊಳ್ಳುತ್ತಾ, ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಆ ಕಡ್ಡಿಯ ತುದಿ ನನಗೆ ಇನ್ನೂ ಕಾಣುತ್ತದೆ. ಅದಾದ ಮೇಲೆ ಅಪ್ಪ ಕಲಸಿದ ಅನ್ನ ತಿನ್ನಲು ನನ್ನಿಂದ ಆಗಲಿಲ್ಲ.

ಆದರೆ ಬೇರೆಯವರ ಮೇಲೆ ಹೇಸಿಗೆಪಡುವುದು ಸುಲಭ. ನಾನು ಎಂಥವಳೆಂದು ತಿಳಿದದ್ದು ಸೆಲ್ವಿಯ ವಿಷಯದಲ್ಲಿ.

ಅಷ್ಟು ಹೊತ್ತಿಗೆ ನಾನೂ ಅದೇ ಕಾಲೇಜಿನಲ್ಲಿ ಪಿಯುಸಿಗೆ ಸೇರಿದ್ದೆ. ಹುಡುಗಿಯರ ಫುಟ್‌ಬಾಲ್ ಟೀಮು ಹೊಸದಾಗಿ ಶುರುವಾಗಿತ್ತು. ಸೆಲ್ವಿ ನನ್ನ ಕ್ಲಾಸಿನವಳು. ಅವಳ ಅಮ್ಮ ಬನಶಂಕರಿ ದೇವಸ್ಥಾನದ ಹತ್ತಿರ ಹೂ ಮಾರುತ್ತಿದ್ದಳು. ಸೆಲ್ವಿಯದು ಮೂರನೇ ನಂಬರ್ ಜೆರ್ಸಿ, ಡಿಫೆನ್ಸ್ ಆಡುತ್ತಿದ್ದಳು. ಚೆಂಡಿಗೆ ಅಡ್ಡ ಬೀಳುವುದೇ ಅವಳ ಆಟ, ಹಾಗಾಗಿ ಅವಳ ಜೆರ್ಸಿಯಷ್ಟು ಕೊಳೆ ಇನ್ನೊಂದು ಇರುತ್ತಿರಲಿಲ್ಲ. ಪ್ರಾಕ್ಟೀಸ್ ಮುಗಿಸಿ ಎಷ್ಟೋ ದಿನ ನನ್ನ ಜೊತೆ ಮನೆಗೆ ಬಂದು, ಹಿತ್ತಲಲ್ಲಿ ಕಾಲು ತೊಳೆದು, ಅಡುಗೆಮನೆಯಲ್ಲೇ ಕೂತು ಊಟ ಮಾಡುತ್ತಿದ್ದಳು. ಅಮ್ಮನಿಗೆ ಅವಳೆಂದರೆ ಪ್ರಾಣ. ಈ ಹುಡುಗಿ ಜೆರ್ಸಿ ಕೊಳೆ ಮೂರು ನೀರಿಗೂ ಬಿಡಲ್ಲ ಅಂತ ಬೈಯುತ್ತಲೇ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಿದ್ದಳು. ಕ್ರೀಡಾ ಕೋಟಾದಲ್ಲಿ ಫಿಸಿಕಲ್ ಎಜುಕೇಶನ್ ಓದಿ ಟೀಚರಾಗಬೇಕು ಅಂತ ಸೆಲ್ವಿಗೆ ಆಸೆ. ಅವಳಿಗೆ ಆ ಸರ್ಟಿಫಿಕೇಟು ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೋ ಚೆಂಡು ಕಂಡರೆ ಆಗುತ್ತಿರಲಿಲ್ಲ, ಮಾರ್ಕ್ಸೂ ಅಷ್ಟಕ್ಕಷ್ಟೆ. ಅಪ್ಪ ನನ್ನನ್ನು ಡಾಕ್ಟರ್ ಮಾಡುತ್ತೇನೆಂದು ದೊಡ್ಡಪ್ಪನ ಎದುರು ಹೇಳಿಬಿಟ್ಟಿದ್ದ.

ಹಲ್ಲಿದ್ದವರಿಗೆ ಕಡಲೆ ಇಲ್ಲ ಅನ್ನುವ ಮಾತನ್ನು ನಾನು ನನ್ನ ಕ್ಲಿನಿಕ್ಕಿನಲ್ಲಿ ತಮಾಷೆಗೆ ಬಹಳ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಆ ಊಟ ನೆನಪಾಗುತ್ತದೆ. ಮತ್ತೆ ಅವರೆಯ ಕಾಲ, ಮತ್ತೆ ಹಿತಕಿದ ಬೇಳೆ ಸಾರು. ನಾವು ಮೂವರೇ. ಅಪ್ಪ ಉಣ್ಣುತ್ತಲೇ ಹೇಳಿದ, ಪಟ್ಟಿ ಬರೆದಾಯಿತು, ನಿನ್ನ ಹೆಸರಿದೆ. ಕರಿಬೇವಿನ ಜಾಗಗಳೆಲ್ಲ ಕಾಲೇಜು ಕಮಿಟಿಯವರ ಮಕ್ಕಳಿಗೆ ಮೊದಲೇ ಹೋಗಿದ್ದವು. ಹಾಗಾದರೆ ಯಾರನ್ನು ತೆಗೆದಿರಿ ಅಂತ ಅಮ್ಮ ಕೇಳಿದಳು. ಅಪ್ಪ ಸೆಲ್ವಿ ಅಂದ. ಅಮ್ಮ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಅವಳ ಪರವಾಗಿ ಕೇಳೋಕೆ ಯಾರಿದ್ದಾರೆ? ಆ ಸರ್ಟಿಫಿಕೇಟ್ ತಗೊಂಡು ಏನ್ಮಾಡ್ತಾಳೆ, ಹೂ ಕಟ್ತಾಳಾ?"

ಅಮ್ಮ ನನ್ನ ಕಡೆ ತಿರುಗಿದಳು. ಅಪ್ಪನೂ ನನ್ನನ್ನೇ ನೋಡಿದ. ಬೇಡ ಅಂದರೆ ಹೇಳಿಬಿಡು, ಈಗಲೇ ತೆಗೆದುಹಾಕುತ್ತೇನೆ ಅಂದ. ಬೆದರಿಕೆಯಲ್ಲ ಅದು, ನಿಜವಾಗಿಯೂ ಕೇಳಿದ್ದ. ಪೆನ್ನು ಅವನ ಜೇಬಿನಲ್ಲೇ ಇತ್ತು. ಬೇಡ ಅಂತ ಎರಡಕ್ಷರ ಹೇಳಿದ್ದರೆ ಆಗುತ್ತಿತ್ತು. ನಾನು ತಟ್ಟೆ ನೋಡಿದೆ. ಅನ್ನ ಒಣಗಿತ್ತು.

"ಅಮ್ಮ, ಇನ್ನೊಂದು ಸೌಟು ಸಾರು ಹಾಕು."

ಅಮ್ಮ ಹಾಕಿದಳು. ಅಪ್ಪ ಹಗುರಾದ. ಊಟ ಮುಂದುವರಿಯಿತು.

ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ ದಿನ ಸೆಲ್ವಿ ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬೈಯಲಿ, ಹೊಡೆಯಲಿ ಅಂತ ಕಾಯುತ್ತಿದ್ದೆ. ಅವಳು ನನ್ನ ಮುಖ ನೋಡಿ, ತಾನೇ ನನಗೆ ಸಮಾಧಾನ ಹೇಳುವ ಹಾಗೆ ಮಾತಾಡಿದಳು.

"ಬಿಡು, ಬೇರೆ ಯಾರೋ ಅಲ್ವಲ್ಲ. ನೀನೇ ತಾನೆ."

ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಎಲ್ಲೂ ಸಿಗಲಿಲ್ಲ. ಎಷ್ಟೋ ವರ್ಷದ ಮೇಲೆ ಜಯನಗರದ ಕಾಂಪ್ಲೆಕ್ಸಿನಲ್ಲಿ, ಬುಟ್ಟಿಯ ಮುಂದೆ ಕೂತು ಸೇವಂತಿಗೆ ಮೊಳ ಹಾಕುತ್ತಿದ್ದ ಹೆಂಗಸನ್ನು ದೂರದಿಂದ ನೋಡಿ ಅವಳೇ ಇರಬೇಕು ಅನ್ನಿಸಿತು. ಹತ್ತಿರ ಹೋಗಿ ನೋಡುವ ಬದಲು ಬಳೆ ಅಂಗಡಿಯೊಳಗೆ ನುಗ್ಗಿ, ಬೇಡದ ಬಳೆ ತೊಡಿಸಿಕೊಂಡು ಕೂತೆ. ಥೂ ನನ್ನ ಜನ್ಮಕ್ಕೆ.

ಪಂದ್ಯಾವಳಿ ಮೈಸೂರಿನಲ್ಲಿತ್ತು. ನಾನು ಮೂರನೇ ನಂಬರ್ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದೆ. ಬಿಸಿಲೆಂದು ಪೌಡರ್ ಕೂಡ ಹಚ್ಚಿಕೊಂಡಿದ್ದೆ. ಸೆಲ್ವಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದ ಕಮಿಟಿಯವರೊಬ್ಬರ ಮಗಳು ಚೆಂಡು ಬಂದಾಗಲೆಲ್ಲ ಮುಖ ಮುಚ್ಚಿಕೊಳ್ಳುತ್ತಿದ್ದಳು. ಗೋಲುಗಳನ್ನು ಎಣಿಸುವುದನ್ನು ನಮ್ಮ ಹುಡುಗಿಯರೇ ಬಿಟ್ಟರು. ಮಧ್ಯಾಹ್ನಕ್ಕೆ ಎಲ್ಲ ಮುಗಿದು, ಸಾಲಾಗಿ ನಿಂತು ಸರ್ಟಿಫಿಕೇಟು ತೆಗೆದುಕೊಂಡೆವು.

ಮರುದಿನ ಬೆಳಿಗ್ಗೆ ಅಮ್ಮ ಚೀಲ ಬಿಚ್ಚಿದಳು. ನಾನು ಎಂದಿನಂತೆ ಎದುರು ಕುಕ್ಕರುಗಾಲಲ್ಲಿ ಕೂತೆ. ಕಲ್ಲಿಗೆ ಹೋಗುವವು ಕಲ್ಲಿಗೆ ಹೋದವು, ಕಿಟಕಿಗೆ ಹೋಗುವವು ಕಿಟಕಿಗೆ. ಮೂರನೇ ನಂಬರ್ ಕೈಗೆ ಬಂದಾಗ ಅಮ್ಮ ಅಭ್ಯಾಸಬಲದಿಂದ ಅದನ್ನು ಕಲ್ಲಿನ ಮೇಲೆ ಹಾಕಿ ಸೋಪು ಎತ್ತಿಕೊಂಡಳು. ವರ್ಷವಿಡೀ ಅತಿ ಹೆಚ್ಚು ಉಜ್ಜಿಸಿಕೊಂಡ ಜೆರ್ಸಿ ಅದು. ಆಮೇಲೆ ಕೈ ತಡೆಯಿತು. ಮೂಗಿಗೆ ಹಿಡಿದಳು. ನನ್ನನ್ನು ನೋಡಲಿಲ್ಲ. ತೋಳು ಒಳಗೆ ಮಡಿಸಿ, ಅಂಚು ಸರಿಮಾಡಿ, ಒಳಗೆ ಹೋಗಿ ಕಿಟಕಿಯ ಕಟ್ಟೆಯ ಮೇಲೆ ಬೇರೆಯವುಗಳ ಮೇಲಿಟ್ಟಳು.

ನಾನು ಎದ್ದು ಹೋಗಿ ಅದನ್ನು ಎಳೆದು ತಂದೆ. ಕಲ್ಲಿನ ಮೇಲೆ ಹಾಕಿ, ಸೋಪು ಬಳಿದು, ಬ್ರಷ್ಷಿನಲ್ಲಿ ಕೈ ನೋಯುವಷ್ಟು ಉಜ್ಜಿದೆ. ಬಕೆಟ್ಟಿಗೆ ಅದ್ದಿದೆ, ಮತ್ತೆ ಉಜ್ಜಿದೆ. ಮೂರು ನೀರು ಬದಲಿಸಿದೆ. ಅಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

"ಸಾಕು ಬಿಡೇ. ಕೊಳೆ ಇದ್ರೆ ತಾನೇ ಹೋಗೋದು."

ಬಕೆಟ್ಟಿನ ನೀರು ತಿಳಿಯಾಗಿಯೇ ಇತ್ತು. ಆ ಬೇಸಿಗೆಯಲ್ಲಿ ಡೆಂಟಲ್ ಕಾಲೇಜಿನ ಅರ್ಜಿಗೆ ಆ ಸರ್ಟಿಫಿಕೇಟು ಲಗತ್ತಿಸಿದೆ. ಸೀಟು ಸಿಕ್ಕಿತು. ಮನೆಗೆ ಬಂದ ಸ್ವೀಟ್ ಬಾಕ್ಸುಗಳಲ್ಲಿ ಒಂದನ್ನು ಅಪ್ಪ ನನ್ನ ಕೈಯಿಂದಲೇ ಬೀದಿಗೆಲ್ಲ ಹಂಚಿಸಿದ.

ಮೊನ್ನೆ ಪವನ ಫೋನ್ ಮಾಡಿದ್ದ. ಅತ್ತೆ ಏನೂ ಹೇಳಲೇ ಇಲ್ಲ, ನಾಳೆ ಸೈನ್ ಹಾಕಬೇಕು ಅಂದ. ಇದನ್ನೆಲ್ಲ ಹೇಳಲು ನನಗೆ ಧೈರ್ಯ ಬರಲಿಲ್ಲ. ಹೇಳಿದರೆ ಮೊದಲು ಕಳಚಿ ಬೀಳುವುದು ನನ್ನ ಕ್ಲಿನಿಕ್ಕಿನ ಬೋರ್ಡು. ಒಂದೇ ಒಂದು ಕೇಳಿದೆ, ಆ ಕಾಲೇಜಿನಲ್ಲಿ ಹುಡುಗರ ಜೆರ್ಸಿ ಒಗೆಯುವವರು ಯಾರು, ತಿಳಿದುಕೊಂಡಿದ್ದೀಯಾ ಅಂತ. ಅವನು ಜೋರಾಗಿ ನಕ್ಕ.

"ಅಯ್ಯೋ ಅತ್ತೆ, ಅದಕ್ಕೆಲ್ಲ ಏಜೆನ್ಸಿ ಇದೆ. ಚೀಲ ಬಿಚ್ಚಿ ಕೂಡ ನೋಡಲ್ಲ, ಹಂಗೇ ಮಷೀನ್‌ಗೆ ಹಾಕ್ತಾರೆ. ಒಳ್ಳೇದು ನೆನಪಿಸಿದ್ರಿ, ಲಿಸ್ಟಲ್ಲಿ ಬರ್ಕೊಳ್ಳೋಕೆ ಮರ್ತಿದ್ದೆ."